ಊಟ ಬಲ್ಲವನಿಗೂ ರೋಗ ಬರುವುದೇಕೆ?

ರೋಗಿಯ ನಾಡಿ ಹಿಡಿದು, ನಾಲಿಗೆ ನೋಡಿ, ಹಸಿವು, ನಿದ್ರೆ, ಮಲಮೂತ್ರಗಳ ವಿಚಾರ ಕೇಳಿ ಮುಗಿಸಿದ ಮೇಲೆ ಇನ್ನೊಂದು ಪ್ರಶ್ನೆಯನ್ನು ಕೇಳುವ ರೂಢಿಯನ್ನು ನಾವು ಬಹುಕಾಲದಿಂದ ಇಟ್ಟುಕೊಂಡಿದ್ದೇವೆ. "ಮನೆಯಲ್ಲಿ ಯಾರೊಂದಿಗಾದರೂ ಮಾತು ಬಿಟ್ಟಿದ್ದೀರಾ?" ಎಂಬುದೇ ಆ ಪ್ರಶ್ನೆ. ಕೆಲವರು ನಗುತ್ತಾರೆ. ಕೆಲವರು "ಅದಕ್ಕೂ ಹೊಟ್ಟೆನೋವಿಗೂ ಏನು ಸಂಬಂಧ ಸ್ವಾಮಿ?" ಎನ್ನುತ್ತಾರೆ. ಇನ್ನು ಕೆಲವರು ಏನೂ ಹೇಳದೆ ಕಣ್ಣೊರೆಸಿಕೊಳ್ಳುತ್ತಾರೆ.

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ಅರಿಯದವರು ನಮ್ಮ ನಾಡಿನಲ್ಲಿಲ್ಲ. ಇದರ ಮೊದಲರ್ಧವನ್ನು ವೈದ್ಯರಿಗೂ ಉಳಿದರ್ಧವನ್ನು ಊರ ಹಿರಿಯರಿಗೂ ಹಂಚಿಕೊಟ್ಟು ನಾವೆಲ್ಲರೂ ಸುಮ್ಮನಿದ್ದೇವೆ. ತುಮಕೂರಿನಲ್ಲಿ ಸುಮಾರು ನಲವತ್ತು ವರ್ಷ ವೈದ್ಯವೃತ್ತಿ ನಡೆಸಿದ ಅನುಭವದಿಂದ ಹೇಳುವುದಾದರೆ, ಗಾದೆಯ ಎರಡು ಭಾಗಗಳೂ ಒಂದೇ ದೇಹಕ್ಕೆ ಸೇರಿದವು. ಊಟ ಬಲ್ಲವನಾಗಿದ್ದರೂ ಮಾತು ಬಾರದಿದ್ದರೆ ರೋಗ ತಪ್ಪುವುದಿಲ್ಲ. ಇದನ್ನು ನಮಗೆ ಮತ್ತೊಮ್ಮೆ ಮನಗಾಣಿಸಿದವಳು ಒಬ್ಬ ವಿದ್ಯಾರ್ಥಿನಿ. ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಸಂಗವನ್ನು ಇಲ್ಲಿ ಬರೆಯುತ್ತಿದ್ದೇವೆ.

ಪರೀಕ್ಷೆಯಲ್ಲಿ ಉತ್ತೀರ್ಣ, ಮನೆಯಲ್ಲಿ ಮೌನ

2025ರ ಜೂನ್ ತಿಂಗಳು. ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯ, ತುಮಕೂರಿನ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದ ಹುಡುಗಿ ನಮ್ಮ ಚಿಕಿತ್ಸಾಲಯಕ್ಕೆ ಬಂದಳು. ನಾಲ್ಕು ತಿಂಗಳಿಂದ ಎದೆಯುರಿ, ಹುಳಿತೇಗು, ಮಧ್ಯಾಹ್ನದ ಹೊತ್ತಿಗೆ ತಲೆನೋವು, ರಾತ್ರಿ ಎರಡು ಗಂಟೆಯಾದರೂ ಬಾರದ ನಿದ್ರೆ. ರಕ್ತಪರೀಕ್ಷೆಯಲ್ಲಿ ದೋಷವೇನೂ ಕಂಡಿರಲಿಲ್ಲ. ಆಮ್ಲ ತಗ್ಗಿಸುವ ಮಾತ್ರೆಗಳನ್ನು ನುಂಗಿದಷ್ಟು ದಿನ ಶಮನ, ಬಿಟ್ಟರೆ ಮತ್ತೆ ಅದೇ ಉರಿ. ಊಟದಲ್ಲಿಯೂ ಅಂಥ ದೊಡ್ಡ ತಪ್ಪಿರಲಿಲ್ಲ. ಹಾಸ್ಟೆಲಿನ ಮುದ್ದೆ, ಸಾರು, ಅನ್ನ, ಮಜ್ಜಿಗೆ. ವಾರಕ್ಕೊಮ್ಮೆ ಗೆಳತಿಯರೊಡನೆ ಗೋಬಿ ಮಂಚೂರಿ.

ನಮ್ಮ ರೂಢಿಯ ಪ್ರಶ್ನೆಯನ್ನು ಕೇಳಿದೆವು. ಸ್ವಲ್ಪ ಹೊತ್ತು ನೆಲ ನೋಡುತ್ತಿದ್ದು ಆಕೆ ಹೇಳಿದಳು: "ಅಪ್ಪಾಜಿ ಜೊತೆ ಎರಡು ತಿಂಗಳಿಂದ ಮಾತಿಲ್ಲ ಡಾಕ್ಟ್ರೇ. ರೂಮಿನಲ್ಲಿರೋ ಕುಣಿಗಲ್ ಹುಡುಗಿ ಜೊತೆ ಹದಿನೈದು ದಿನದಿಂದ ಇಲ್ಲ." ಸ್ವಲ್ಪ ತಡೆದು, ತನ್ನನ್ನು ತಾನೇ ಹಾಸ್ಯ ಮಾಡಿಕೊಳ್ಳುವವಳಂತೆ ಇನ್ನೊಂದು ಮಾತು ಸೇರಿಸಿದಳು: "ಸಂವಹನ ಕೌಶಲದ ಪೇಪರಿನಲ್ಲಿ ನಮ್ಮ ಕ್ಲಾಸಿಗೆ ನಂದೇ ಜಾಸ್ತಿ ಮಾರ್ಕ್ಸು."

ಈ ಮಾತಿನಲ್ಲಿ ಇಂದಿನ ವಿದ್ಯಾಭ್ಯಾಸದ ಒಂದು ಸಂಕಟವೇ ಅಡಗಿದೆ. ವಿಶ್ವ ಆರೋಗ್ಯ ಸಂಸ್ಥೆಯು ಮೂರು ದಶಕಗಳ ಹಿಂದೆಯೇ ಮಕ್ಕಳಿಗೆ ಕಲಿಸಬೇಕಾದ ಹತ್ತು ಜೀವನ ಕೌಶಲಗಳನ್ನು ಹೆಸರಿಸಿತು. ಪರಿಣಾಮಕಾರಿ ಸಂವಹನ, ಇತರರೊಡನೆ ಸಂಬಂಧವನ್ನು ಕಾಯ್ದುಕೊಳ್ಳುವುದು, ಪರರ ನೋವನ್ನು ಅರಿಯುವುದು, ಭಾವೋದ್ವೇಗ ಮತ್ತು ಮಾನಸಿಕ ಒತ್ತಡಗಳನ್ನು ನಿಭಾಯಿಸುವುದು ಅವುಗಳಲ್ಲಿ ಸೇರಿವೆ. ಶಿಕ್ಷಣ ಇಲಾಖೆಯಲ್ಲ, ಆರೋಗ್ಯದ ಸಂಸ್ಥೆಯೇ ಇವನ್ನು ಪಟ್ಟಿ ಮಾಡಿತೆಂಬುದು ಗಮನಾರ್ಹ. ನಮ್ಮ ದೇಶದ ವಿಶ್ವವಿದ್ಯಾಲಯ ಧನಸಹಾಯ ಆಯೋಗವೂ 2019ರಲ್ಲಿ ಪದವಿ ವಿದ್ಯಾರ್ಥಿಗಳಿಗಾಗಿ 'ಜೀವನ ಕೌಶಲ' ಎಂಬ ಪಠ್ಯಕ್ರಮವನ್ನು ರೂಪಿಸಿತು. ಉದ್ದೇಶ ಉತ್ತಮವಾದುದೇ. ಆದರೆ ಉತ್ತರಪತ್ರಿಕೆಯಲ್ಲಿ ಬರೆದ ವಿದ್ಯೆ ಹಾಸ್ಟೆಲಿನ ಕೋಣೆಗೂ ಊರಿನ ಮನೆಯ ಪಡಸಾಲೆಗೂ ಇಳಿಯದಿದ್ದರೆ, ಔಷಧದ ಚೀಟಿಯನ್ನು ಓದಿ ಔಷಧವನ್ನು ಸೇವಿಸದೆ ಬಿಟ್ಟಂತೆಯೇ ಸರಿ.

ಹೊಟ್ಟೆಗೆ ಹಾಕಿಕೊಂಡ ಮಾತು

ಸಹಿಸಿಕೊಳ್ಳುವುದಕ್ಕೆ ನಮ್ಮ ಭಾಷೆಯಲ್ಲಿ 'ಹೊಟ್ಟೆಗೆ ಹಾಕಿಕೊಳ್ಳುವುದು' ಎನ್ನುತ್ತೇವೆ. ಕ್ಷಮಿಸಿ ಮರೆತದ್ದಾದರೆ ಅದು ದೊಡ್ಡ ಗುಣ. ಕ್ಷಮಿಸದೆ ನುಂಗಿದ್ದಾದರೆ ಅದು ಹೊಟ್ಟೆಯಲ್ಲಿಯೇ ಉಳಿಯುತ್ತದೆ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಒಂದು ಮುಖ್ಯವಾದ ವಿಚಾರವಿದೆ. ಹಿತವಾದ ಆಹಾರವನ್ನು ಸರಿಯಾದ ಪ್ರಮಾಣದಲ್ಲಿಯೇ ಉಂಡರೂ ಚಿಂತೆ, ಶೋಕ, ಭಯ, ಕ್ರೋಧಗಳಿಂದ ಕೂಡಿದವನಿಗೆ ಅದು ಜೀರ್ಣವಾಗುವುದಿಲ್ಲವೆಂದು ಆಚಾರ್ಯರು ತಿಳಿಸುತ್ತಾರೆ. ಶೋಕ ಮತ್ತು ಭಯಗಳಿಂದ ವಾತವೂ ಕ್ರೋಧದಿಂದ ಪಿತ್ತವೂ ಕೆರಳುತ್ತವೆಂಬುದು ಆಯುರ್ವೇದದ ನಿಲುವು. ಆಧುನಿಕ ಶರೀರಶಾಸ್ತ್ರವೂ ಇದಕ್ಕೆ ದೂರವಾದುದನ್ನು ಹೇಳುತ್ತಿಲ್ಲ. ಸಿಟ್ಟು ಬಂದಾಗ ಅಡ್ರಿನಲಿನ್, ಕಾರ್ಟಿಸಾಲ್ ಮೊದಲಾದ ರಸದೂತಗಳು ರಕ್ತಕ್ಕೆ ಸೇರುತ್ತವೆ. ಹೃದಯದ ಬಡಿತ ಏರುತ್ತದೆ. ರಕ್ತವು ಕೈಕಾಲುಗಳ ಸ್ನಾಯುಗಳತ್ತ ಹರಿದು ಜೀರ್ಣಕ್ರಿಯೆ ಹಿಂದೆ ಬೀಳುತ್ತದೆ. ಗಳಿಗೆಯ ಸಿಟ್ಟಾದರೆ ದೇಹ ಬೇಗನೆ ಸಮಸ್ಥಿತಿಗೆ ಬರುತ್ತದೆ. ಎರಡು ತಿಂಗಳು ಒಳಗೇ ಕುದಿಯುವ ಸಿಟ್ಟಿಗೆ ದೇಹ ದಿನವೂ ಬೆಲೆ ತೆರಬೇಕಾಗುತ್ತದೆ.

ಹಾಗಾದರೆ ಬಾಯಿಗೆ ಬಂದುದನ್ನೆಲ್ಲ ಆಡಿ ಹಗುರಾಗಬೇಕೇ? ಖಂಡಿತ ಅಲ್ಲ. ಚರಕರು ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ವೇಗಗಳನ್ನು ಎರಡಾಗಿ ವಿಂಗಡಿಸಿದ್ದಾರೆ. ಹಸಿವು, ಬಾಯಾರಿಕೆ, ನಿದ್ರೆ, ಸೀನು, ಮಲಮೂತ್ರ ಮೊದಲಾದ ಹದಿಮೂರು ಸಹಜ ವೇಗಗಳನ್ನು ತಡೆಯಬಾರದು. ಈ ಹದಿಮೂರರಲ್ಲಿ ಕಣ್ಣೀರೂ ಒಂದು ಎಂಬುದನ್ನು ಓದುಗರು ಗಮನಿಸಬೇಕು. ಅಳು ಬಂದಾಗ ಅತ್ತುಬಿಡುವುದು ದೌರ್ಬಲ್ಯವಲ್ಲ, ಶಾಸ್ತ್ರಸಮ್ಮತ. ಲೋಭ, ಕ್ರೋಧ, ಅಸೂಯೆಗಳಂಥ ಮನಸ್ಸಿನ ವೇಗಗಳನ್ನೂ, ಕಠೋರವಾದ ಮಾತು, ಚಾಡಿ, ಸುಳ್ಳು, ಹೊತ್ತಲ್ಲದ ಹೊತ್ತಿನ ಮಾತು ಎಂಬ ನಾಲಗೆಯ ವೇಗಗಳನ್ನೂ ತಡೆಯಲೇಬೇಕು. ನಾವಾದರೋ ಇದನ್ನು ತಲೆಕೆಳಗು ಮಾಡಿಕೊಂಡಿದ್ದೇವೆ. ಕಣ್ಣೀರನ್ನು ಬಿಗಿಹಿಡಿದು ಕಟುನುಡಿಯನ್ನು ಹರಿಯಬಿಡುತ್ತೇವೆ. ಅದೂ ಆಗದಿದ್ದರೆ ಮಾತನ್ನೇ ನಿಲ್ಲಿಸಿಬಿಡುತ್ತೇವೆ. ಮೌನವ್ರತ ಬೇರೆ, ಮಾತು ಬಿಡುವುದು ಬೇರೆ. ವ್ರತವು ಮನಸ್ಸನ್ನು ತಣಿಸುತ್ತದೆ. ಮಾತು ಬಿಟ್ಟವನು ಒಳಗೊಳಗೇ ದಿನವಿಡೀ ಜಗಳವಾಡುತ್ತಿರುತ್ತಾನೆ.

ಒಂದೇ ಕೋಣೆಯಲ್ಲಿ ಗುಬ್ಬಿ, ಕುಣಿಗಲ್

ಅಮ್ಲಪಿತ್ತಕ್ಕೆ ತಕ್ಕ ಔಷಧವನ್ನೂ ಊಟ ನಿದ್ರೆಗಳ ನಿಯಮವನ್ನೂ ತಿಳಿಸಿದ ಮೇಲೆ, ತಂದೆಯ ವಿಷಯವನ್ನು ಸದ್ಯಕ್ಕೆ ಬದಿಗಿಟ್ಟು ಕೋಣೆಯ ಗೆಳತಿಯಿಂದ ಆರಂಭಿಸುವಂತೆ ಆಕೆಗೆ ಹೇಳಿದೆವು. ದುರ್ಬಲನಾದ ರೋಗಿಗೆ ಮೊದಲು ಗಂಜಿ ಕೊಟ್ಟು ಆಮೇಲೆ ಅನ್ನಕ್ಕೆ ಬರುವ ಕ್ರಮವೇ ಇಲ್ಲಿಯೂ ಸಲ್ಲುತ್ತದೆ.

ಜಗಳದ ಕಾರಣ ನೀರು. ಗೊರೂರಿನ ಅಣೆಕಟ್ಟೆಯಿಂದ ಬರುವ ಹೇಮಾವತಿ ನೀರನ್ನು ಗುಬ್ಬಿ ತಾಲ್ಲೂಕಿನಿಂದಲೇ ನೇರವಾಗಿ ಕುಣಿಗಲ್ ಕಡೆಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ವಿಚಾರವಾಗಿ 2025ರ ಮೇ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ದೊಡ್ಡ ಪ್ರತಿಭಟನೆ ನಡೆದುದು ಓದುಗರಿಗೆ ನೆನಪಿರಬಹುದು. ನಾಲೆಯ ಕೊನೆಯಲ್ಲಿರುವ ತಮಗೆ ಪಾಲಿನ ನೀರು ತಲುಪುತ್ತಿಲ್ಲವೆಂಬುದು ಕುಣಿಗಲ್ಲಿನವರ ಅಳಲು. ನಡುವೆಯೇ ನೀರು ತಿರುಗಿದರೆ ತಮ್ಮ ಗತಿಯೇನೆಂಬುದು ಗುಬ್ಬಿಯವರ ಆತಂಕ. ಈ ವ್ಯಾಜ್ಯದ ನ್ಯಾಯ ಹೇಳುವುದು ವೈದ್ಯರ ಕೆಲಸವಲ್ಲ. ಆದರೆ ಅದು ಒಂದು ಕೋಣೆಯ ಎರಡು ಮಂಚಗಳ ನಡುವೆಯೂ ಬಂದು ಕುಳಿತಿತ್ತು. "ನೀವು ನೀರುಗಳ್ಳರು" ಎಂದು ಒಬ್ಬಳು, "ನೀವು ಹೊಟ್ಟೆಕಿಚ್ಚಿನವರು" ಎಂದು ಇನ್ನೊಬ್ಬಳು. ಅಂದಿನಿಂದ ಮಾತಿಲ್ಲ.

ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ವೈದ್ಯರು ಪರಸ್ಪರ ಚರ್ಚಿಸಬೇಕಾದ ಬಗೆಯನ್ನು ಚರಕರು ವಿಸ್ತಾರವಾಗಿ ವಿವರಿಸಿದ್ದಾರೆ. ಅಲ್ಲಿ ಸಂಭಾಷೆಗೆ ಎರಡು ವಿಧ: ಸ್ನೇಹದಿಂದ ಕೂಡಿ ನಡೆಸುವ 'ಸಂಧಾಯ ಸಂಭಾಷೆ', ಗೆಲ್ಲಲೆಂದೇ ಹೂಡುವ 'ವಿಗೃಹ್ಯ ಸಂಭಾಷೆ'. ಮೊದಲನೆಯದರಲ್ಲಿ ನಿಃಶಂಕೆಯಿಂದ ಕೇಳಬೇಕು, ನಿಃಶಂಕೆಯಿಂದ ಹೇಳಬೇಕು. ಸೋಲಿನ ಭಯ ಬೇಡ. ಎದುರಿನವರು ಸೋತರೆ ಹಿಗ್ಗಬಾರದು, ಅದನ್ನು ನಾಲ್ವರ ಮುಂದೆ ಕೊಚ್ಚಿಕೊಳ್ಳಲೂಬಾರದು. ತಾನು ಹಿಡಿದ ಪಕ್ಷವನ್ನೇ ಮೋಹದಿಂದ ಬಿಗಿಹಿಡಿಯಬಾರದು. ಎರಡನೆಯ ವಿಧದಲ್ಲಿ ವೈರ ಹುಟ್ಟುತ್ತದೆಂದೂ, ಸಿಟ್ಟಿಗೆದ್ದವನು ಆಡಬಾರದುದೂ ಮಾಡಬಾರದುದೂ ಇಲ್ಲವೆಂದೂ ಆಚಾರ್ಯರು ಎಚ್ಚರಿಸುತ್ತಾರೆ. ಸಾವಿರಾರು ವರ್ಷಗಳ ಹಿಂದೆ ವೈದ್ಯರಿಗೆ ಹೇಳಿದ ಈ ಮಾತು ಹಾಸ್ಟೆಲಿನ ಹುಡುಗಿಯರಿಗೂ ತಪ್ಪದೆ ಅನ್ವಯಿಸುತ್ತದೆ.

ಅಮೆರಿಕದ ಹಾರ್ವರ್ಡ್‌ನಲ್ಲಿ ಸಂಧಾನವಿದ್ಯೆಯನ್ನು ಬೆಳೆಸಿದ ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ ಎಂಬ ವಿದ್ವಾಂಸರು 1981ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿಲುವು ಬೇರೆ, ಅದರ ಹಿಂದಿನ ಅಗತ್ಯ ಬೇರೆ ಎಂದು ತೋರಿಸಿಕೊಟ್ಟರು. ನಿಲುವುಗಳು ಡಿಕ್ಕಿ ಹೊಡೆಯುವಲ್ಲಿಯೂ ಅಗತ್ಯಗಳು ಕೈಹಿಡಿಯಬಲ್ಲವು. "ಕಾಲುವೆ ಬೇಕೋ ಬೇಡವೋ ಎಂಬುದನ್ನು ಬಿಡು. ಅವರ ಮನೆಯಲ್ಲಿ ಏನು ಕಷ್ಟವಿದೆ ಎಂದು ಮಾತ್ರ ಕೇಳು. ಅವಳು ಹೇಳಿ ಮುಗಿಸುವವರೆಗೆ 'ಆದರೆ' ಎಂಬ ಪದವನ್ನು ಆಡಬೇಡ" ಎಂದು ನಾವು ಹುಡುಗಿಗೆ ತಿಳಿಸಿದೆವು.

ಹದಿನೈದು ದಿನಗಳ ನಂತರ ಬಂದಾಗ ಆಕೆ ವರದಿ ಒಪ್ಪಿಸಿದಳು. ಕುಣಿಗಲ್ ಹುಡುಗಿಯ ಮನೆಯಲ್ಲಿ ಮೂರು ಕೊಳವೆಬಾವಿ ಕೊರೆಸಿ ಮೂರೂ ಬತ್ತಿ, ಸಾಲ ಉಳಿದಿತ್ತು. ಗುಬ್ಬಿಯ ಇವರ ಮನೆಯಲ್ಲಿ ಎರಡು ಬತ್ತಿದ್ದವು. "ನಮ್ಮಿಬ್ಬರ ಅಪ್ಪಂದಿರೂ ರಾತ್ರಿ ಕರೆಂಟು ಕಾಯ್ಕೊಂಡು ತೋಟದಲ್ಲೇ ಮಲಗೋರು ಡಾಕ್ಟ್ರೇ. ಇದು ಇಬ್ಬರಿಗೂ ಗೊತ್ತೇ ಇರಲಿಲ್ಲ" ಎಂದಳು. ಕಾಲುವೆಯ ಬಗ್ಗೆ ಇಬ್ಬರಿಗೂ ಇಂದಿಗೂ ಒಮ್ಮತವಿಲ್ಲ. ಆದರೆ ಅಂದು ರಾತ್ರಿ ಇಬ್ಬರೂ ಒಟ್ಟಿಗೆ ಉಂಡರು. ಬಹಳ ದಿನಗಳ ಮೇಲೆ ಆಕೆಗೆ ಹನ್ನೊಂದು ಗಂಟೆಗೇ ನಿದ್ರೆ ಬಂದಿತ್ತು.

ತೋಟದಲ್ಲಿ ನಡೆದ ಮಾತು

ತಂದೆಯ ವಿಚಾರ ಇಷ್ಟು ಸುಲಭವಾಗಿರಲಿಲ್ಲ. ಪದವಿ ಮುಗಿಯುತ್ತಲೇ ಮದುವೆ ಮಾಡಬೇಕೆಂದು ಅವರು ಸಂಬಂಧವನ್ನೂ ನೋಡಿದ್ದರು. ಆಕೆಗೆ ಬಿ.ಇಡಿ. ಮುಗಿಸಿ ವಿಜ್ಞಾನದ ಶಿಕ್ಷಕಿಯಾಗುವ ಆಸೆ. "ನನ್ನ ಜೀವನ ನೀವು ಹಾಳು ಮಾಡ್ತಿದ್ದೀರಿ" ಎಂದು ಆಕೆ, "ಓದಿಸಿದ್ದೇ ತಪ್ಪಾಯ್ತು" ಎಂದು ಅವರು. ಎರಡೂ ಕಡೆ ಮಾತಿನ ಗಾಯ ಆಳವಾಗಿತ್ತು.

ಆಕೆಯ ಮೊದಲ ಪ್ರಯತ್ನ ಕೆಟ್ಟಿತು. ಪಠ್ಯದಲ್ಲಿ ಕಲಿತಂತೆ ವಾಕ್ಯಗಳನ್ನು ಚೀಟಿಯಲ್ಲಿ ಬರೆದುಕೊಂಡು ಒಂದು ರಾತ್ರಿ ಎಂಟು ಗಂಟೆಗೆ ದೂರವಾಣಿ ಮಾಡಿದಳು. ದಿನವಿಡೀ ದುಡಿದು ಆಗಷ್ಟೇ ಮನೆಗೆ ಬಂದಿದ್ದ ತಂದೆ ಎರಡು ವಾಕ್ಯ ಕೇಳಿ, "ಏನು, ಪುಸ್ತಕ ಓದಿ ಹೇಳ್ತಿದ್ದೀಯಾ?" ಎಂದು ಫೋನ್ ಇಟ್ಟರು. ಅಳುತ್ತ ಬಂದ ಆಕೆಗೆ ನಾವು ಹೇಳಿದ್ದು ಇಷ್ಟೇ: ಔಷಧ ಸರಿಯಾಗಿದೆ, ಕೊಟ್ಟ ಕಾಲ ತಪ್ಪಿದೆ. ಆಯುರ್ವೇದದಲ್ಲಿ ಒಂದೇ ಔಷಧ ಊಟಕ್ಕೆ ಮೊದಲು ಒಂದು ಕೆಲಸ ಮಾಡಿದರೆ ಊಟದ ನಂತರ ಇನ್ನೊಂದು ಮಾಡುತ್ತದೆ. ವಾಗ್ಭಟಾಚಾರ್ಯರು ಅಷ್ಟಾಂಗಹೃದಯದ ದಿನಚರ್ಯಾ ಅಧ್ಯಾಯದಲ್ಲಿ, ಹಲ್ಲುಜ್ಜುವುದು, ಅಭ್ಯಂಗ, ಸ್ನಾನಗಳ ಜೊತೆಯಲ್ಲಿಯೇ ಮಾತಿನ ನಿಯಮವನ್ನೂ ಹೇಳುತ್ತಾರೆ. ಮಾತು ಸಕಾಲಿಕವೂ ಹಿತವೂ ಮಿತವೂ ಆಗಿರಬೇಕು. ಎದುರಿನವರು ಮಾತನಾಡಲೆಂದು ಕಾಯದೆ ತಾನೇ ಮೊದಲು ಪ್ರಸನ್ನಮುಖದಿಂದ ಮಾತನಾಡಿಸಬೇಕು.

ಮುಂದಿನ ಭಾನುವಾರ ಆಕೆ ಊರಿಗೆ ಹೋದಳು. ಮುಂಜಾನೆ ತಂದೆ ಅಡಿಕೆ ತೋಟಕ್ಕೆ ನೀರು ಕಟ್ಟುತ್ತಿದ್ದಾಗ ಕಾಫಿ ತೆಗೆದುಕೊಂಡು ಹೋಗಿ, ಚೀಟಿಯಿಲ್ಲದೆ ಕೇಳಿದಳು: "ಅಪ್ಪಾಜಿ, ಇಷ್ಟು ಬೇಗ ಮದುವೆ ಅಂತೀರಲ್ಲ, ನಿಮಗೆ ಏನು ಯೋಚನೆ ಕಾಡ್ತಿದೆ? ಹೇಳಿ, ನಾನು ಸುಮ್ಮನೆ ಕೇಳಿಸ್ಕೋತೀನಿ." ತಂದೆ ಬಹಳ ಹೊತ್ತು ಮಾತನಾಡಲಿಲ್ಲ. ಒಂದು ಮಡಿ ತುಂಬಿ ಇನ್ನೊಂದಕ್ಕೆ ನೀರು ತಿರುಗಿಸಿದ ಮೇಲೆ ಹೇಳಿದರು. ಮೂರು ತಿಂಗಳಿಂದ ಅವರಿಗೆ ತಲೆಸುತ್ತು, ಏರು ಹತ್ತಿದರೆ ಎದೆಬಿಗಿತ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ತಮ್ಮ ಕೈಕಾಲು ಗಟ್ಟಿಯಾಗಿರುವಾಗಲೇ ಮಗಳನ್ನು ದಡ ಸೇರಿಸಬೇಕೆಂಬುದೇ ಅವಸರದ ಕಾರಣವಾಗಿತ್ತು.

"ನನ್ನ ಓದಿಗೆ ಅವರು ವಿರೋಧ ಅಂತ ತಿಳಿದಿದ್ದೆ. ಅವರಿಗೆ ಸಾವಿನ ಭಯ ಇತ್ತು ಡಾಕ್ಟ್ರೇ" ಎಂದು ಆಕೆ ನಮಗೆ ಹೇಳಿದಾಗ ನಮ್ಮ ಕಣ್ಣೂ ತೇವವಾಯಿತು. ಮರುವಾರ ತಂದೆಯನ್ನು ಆಕೆಯೇ ಕರೆತಂದಳು. ರಕ್ತದೊತ್ತಡ 170/100 ಇತ್ತು. ಎದೆಬಿಗಿತವೂ ಇದ್ದುದರಿಂದ ತಡಮಾಡದೆ ಹೃದ್ರೋಗತಜ್ಞರ ಬಳಿಗೆ ಕಳುಹಿಸಿದೆವು. ಇಂಥ ಲಕ್ಷಣಗಳಿದ್ದಾಗ ಇಸಿಜಿ ಮೊದಲಾದ ಪರೀಕ್ಷೆಗಳಿಗೆ ಮನೆಮದ್ದು ಬದಲಿಯಲ್ಲ. ಸಕಾಲಕ್ಕೆ ಚಿಕಿತ್ಸೆ ಆರಂಭವಾಯಿತು. ತೋಟದಲ್ಲಿ ಅಂದು ಆ ಮಾತು ನಡೆಯದೆ ಹೋಗಿದ್ದರೆ ಆ ಮನೆಯಲ್ಲಿ ಏನಾಗುತ್ತಿತ್ತೋ ಹೇಳಲಾಗದು.

ಮದುವೆಯ ವಿಚಾರದಲ್ಲಿ ಆಕೆ ಗೆದ್ದಳೆಂದೋ ಅವರು ಸೋತರೆಂದೋ ಹೇಳುವಂತಿಲ್ಲ. ಬಿ.ಇಡಿ. ಮುಗಿಯುವವರೆಗೆ ಮದುವೆ ಬೇಡ, ಮುಗಿದ ಮೇಲೆ ಸಂಬಂಧ ನೋಡಲು ಆಕೆಯ ತಕರಾರಿಲ್ಲ, ಆದರೆ ಹುಡುಗನನ್ನು ಆಕೆಯೂ ಮಾತನಾಡಿಸಿಯೇ ಒಪ್ಪಬೇಕು ಎಂಬಲ್ಲಿಗೆ ಮಾತು ನಿಂತಿತು. ಈಗ ಆಕೆ ಬಿ.ಇಡಿ. ಓದುತ್ತಿದ್ದಾಳೆ. ಎದೆಯುರಿ ಎರಡು ತಿಂಗಳಲ್ಲಿ ಬಹುಮಟ್ಟಿಗೆ ಇಳಿಯಿತು. ಅದಕ್ಕೆ ಔಷಧ, ಪಥ್ಯ, ನಿದ್ರೆ ಎಲ್ಲವೂ ಕಾರಣ. ಮಾತೊಂದರಿಂದಲೇ ಗುಣವಾಯಿತೆಂದು ನಾವು ಹೇಳುವುದಿಲ್ಲ. ಆದರೆ ಮಾತು ಸರಿಹೋಗದಿದ್ದರೆ ಔಷಧ ಹೀಗೆ ನಿಲ್ಲುತ್ತಿರಲಿಲ್ಲವೆಂಬುದು ನಮ್ಮ ನಂಬಿಕೆ.

ನಮ್ಮದೇ ಒಂದು ತಪ್ಪು

ಆಕೆಗೆ ಇಷ್ಟೆಲ್ಲ ಹೇಳಿದ ನಾವು ಬಲ್ಲವರೇ ಎಂದು ಓದುಗರು ಕೇಳಬಹುದು. ಕುಣಿಗಲ್ ತಾಲ್ಲೂಕಿನ ನಮ್ಮ ಊರಿನಲ್ಲಿ ತೆಂಗಿನ ತೋಟ ಭಾಗವಾದಾಗ ಬಾವಿಯ ಪಾಳಿಯ ವಿಚಾರಕ್ಕೆ ಅಣ್ಣನೊಡನೆ ಮಾತು ಮುರಿಯಿತು. ತಪ್ಪು ಯಾರದೆಂಬುದು ಈಗ ಮುಖ್ಯವಲ್ಲ. ಏಳು ವರ್ಷ ನಾವು ಮಾತನಾಡಲಿಲ್ಲ. ಊರಿನ ಜಾತ್ರೆಯಲ್ಲಿ ಎದುರಾದರೆ ಮುಖ ತಿರುಗಿಸಿದೆವು. ಅವರಿಗೆ ಪಾರ್ಶ್ವವಾಯುವಾದ ಸುದ್ದಿ ಬಂದಾಗ ಓಡಿಹೋದೆವು. ನಮ್ಮ ಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡರು. ಆದರೆ ಮಾತು ಹೋಗಿತ್ತು. ಏನೋ ಹೇಳಲು ಎರಡು ದಿನ ಯತ್ನಿಸಿದರು, ಮೂರನೆಯ ದಿನ ಇಲ್ಲವಾದರು. ಅವರು ಹೇಳಲಿದ್ದುದು ಏನೆಂದು ನಮಗೆ ಇಂದಿಗೂ ತಿಳಿಯದು. ನಮ್ಮ ಚಿಕಿತ್ಸಾಲಯದ ಆ ಪ್ರಶ್ನೆ ಹುಟ್ಟಿದ್ದು ಅಂದಿನಿಂದ.

ಮಾತಿಗೂ ಪಥ್ಯವಿದೆ

ವಿದ್ಯಾರ್ಥಿಗಳಿಗೂ ಹಿರಿಯರಿಗೂ ನಮ್ಮ ಅನುಭವದಿಂದ ಕೆಲವು ಸೂಚನೆಗಳನ್ನು ನೀಡುತ್ತೇವೆ.

ಸಿಟ್ಟು ಏರಿದಾಗ ಚರ್ಚೆಯನ್ನು ಮುಂದೂಡಿರಿ. ಸುಮ್ಮನೆ ಎದ್ದುಹೋಗಬೇಡಿ. "ಅರ್ಧ ಗಂಟೆ ಬಿಟ್ಟು ಮಾತಾಡೋಣ" ಎಂದು ಹೇಳಿ ಹೋಗಿರಿ, ಹೇಳಿದಂತೆ ಹಿಂದಿರುಗಿರಿ. ಆ ಹೊತ್ತಿನಲ್ಲಿ ಒಂದು ಲೋಟ ನೀರು ಕುಡಿದು, ಉಸಿರನ್ನು ಒಳಗೆ ಎಳೆದುಕೊಂಡುದಕ್ಕಿಂತ ನಿಧಾನವಾಗಿ ಹೊರಬಿಡುತ್ತ ಹತ್ತು ಬಾರಿ ಉಸಿರಾಡಿರಿ.

ಹಸಿದಿರುವಾಗ, ನಿದ್ರೆಗೆಟ್ಟಿರುವಾಗ, ಊಟದ ತಟ್ಟೆಯ ಮುಂದೆ ಕುಳಿತಿರುವಾಗ ಕಠಿಣ ವಿಷಯಗಳನ್ನು ಎತ್ತಬೇಡಿ. ವಾಟ್ಸಾಪಿನಲ್ಲಿ ಜಗಳ ಬಗೆಹರಿಸಲು ಹೋಗಬೇಡಿ. ಅಕ್ಷರಕ್ಕೆ ಮುಖವಿಲ್ಲ, ದನಿಯೂ ಇಲ್ಲ.

ನಡೆದುದನ್ನು ಹೇಳಿರಿ, ಸ್ವಭಾವಕ್ಕೆ ಹೆಸರಿಡಬೇಡಿ. "ನೀನು ಯಾವಾಗಲೂ ಹೀಗೇ" ಎನ್ನುವ ಬದಲು "ನಿನ್ನೆ ರಾತ್ರಿ ಹನ್ನೆರಡರವರೆಗೆ ದೀಪ ಉರೀತಿತ್ತು, ನನಗೆ ನಿದ್ದೆ ಬರಲಿಲ್ಲ, ಹನ್ನೊಂದಕ್ಕೆ ಆರಿಸ್ತೀಯಾ?" ಎಂದರೆ ಕೇಳುವವರಿಗೆ ಉತ್ತರ ಕೊಡಲು ಜಾಗವಿರುತ್ತದೆ. ಎದುರಿನವರು ಹೇಳಿದುದನ್ನು ನಿಮ್ಮ ಮಾತಿನಲ್ಲಿ ಒಮ್ಮೆ ಹೇಳಿ, "ಹೀಗೆ ತಾನೇ?" ಎಂದು ಕೇಳಿರಿ. ಅರ್ಧದಷ್ಟು ಜಗಳ ಅಲ್ಲಿಯೇ ಇಳಿಯುತ್ತದೆ.

ಹಿರಿಯರಲ್ಲಿ ಒಂದು ವಿನಂತಿ. ಮಕ್ಕಳು ಮಾತನಾಡಲು ಬಂದಾಗ ಅದನ್ನು ಎದುರುತ್ತರವೆಂದು ತಿಳಿಯಬೇಡಿ. ನಿಮ್ಮ ಭಯವನ್ನೂ ಕಾಯಿಲೆಯನ್ನೂ ಅವರಿಂದ ಮುಚ್ಚಿಡಬೇಡಿ. ಮುಚ್ಚಿಟ್ಟ ಭಯ ಅವರಿಗೆ ಸಿಟ್ಟಾಗಿ ಕಾಣಿಸುತ್ತದೆ.

ಇನ್ನೊಂದು ಎಚ್ಚರಿಕೆ. ಎಲ್ಲ ಜಗಳವೂ ಸವಿಮಾತಿಗೆ ಬಗ್ಗುವುದಿಲ್ಲ. ಹೊಡೆತ, ಬೆದರಿಕೆ, ದೌರ್ಜನ್ಯಗಳಿರುವಲ್ಲಿ ಸಹನೆಯು ಔಷಧವಲ್ಲ. ಅಲ್ಲಿ ನಂಬಿಕಸ್ಥ ಹಿರಿಯರ, ಕಾನೂನಿನ ನೆರವು ಪಡೆಯಲೇಬೇಕು. ನಿದ್ರೆ, ಊಟಗಳು ವಾರಗಟ್ಟಲೆ ಕೆಟ್ಟಿದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ ಒಂದು ದಿನವೂ ತಡಮಾಡದೆ ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ಈ ಲೇಖನವನ್ನು ಓದಿ ಮುಗಿಸಿದ ಮೇಲೆ ಓದುಗರು ನಮ್ಮ ಪ್ರಶ್ನೆಯನ್ನು ತಮಗೆ ತಾವೇ ಒಮ್ಮೆ ಕೇಳಿಕೊಳ್ಳಲಿ. ಯಾರದಾದರೂ ಹೆಸರು ನೆನಪಿಗೆ ಬಂದರೆ, ಕಾಲ ನೋಡಿ, ಹಿತವಾದ ಒಂದು ಮಾತಿನಿಂದ ತಾವೇ ಮೊದಲು ಆರಂಭಿಸಲಿ. ಅವರಿಗೆ ಮಾತು ಇರುವಾಗಲೇ, ನಮಗೆ ಕಿವಿ ಇರುವಾಗಲೇ ಅದು ಆಗಬೇಕು.